ಮಿನಿಕಾಯ್, ಕಲ್ಪೇನಿ: ಹಡಗಿನಿಂದ ದಡಕ್ಕಿಳಿದ ಮೇಲೆ ಆರು ಗಂಟೆ ಏನು ಮಾಡೋದು?

ಸಂಪಿಗೆ ರಸ್ತೆ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೊರಟಿದ್ದೇವೆ. ಐದು ದಿನದ ಸಮುದ್ರಂ ಪ್ಯಾಕೇಜ್. ರಾತ್ರಿ ಹಡಗಿನಲ್ಲೇ ಮಲಗೋದು, ಹಗಲು ಒಂದೊಂದು ದ್ವೀಪಕ್ಕೆ ಇಳಿಯೋದು. ಕವರತ್ತಿ, ಕಲ್ಪೇನಿ, ಮಿನಿಕಾಯ್, ಮೂರೂ ಇವೆ.

ನನ್ನ ತೊಂದರೆ ಇಷ್ಟೇ. ಕೈಗೆ ಕೊಟ್ಟ ಹಾಳೆಯಲ್ಲಿ ಬರೀ ನೀರಾಟಗಳೇ ಇವೆ. ಕಯಾಕ್, ಸ್ನಾರ್ಕೆಲ್, ಗಾಜಿನ ತಳದ ದೋಣಿ. ನಮ್ಮ ಅತ್ತೆಗೆ 68 ವರ್ಷ, ಮಂಡಿ ನೋವು. ಮಾವನಿಗೆ ಈಜು ಬರಲ್ಲ, ನೀರು ಕಂಡರೆ ಎರಡು ಹೆಜ್ಜೆ ಹಿಂದೆ. ಮಗಳಿಗೆ 9 ವರ್ಷ, ಅವಳು ಇದಕ್ಕೆ ಪೂರ್ತಿ ಉಲ್ಟಾ. ನಾವೆಲ್ಲ ಸಸ್ಯಾಹಾರಿಗಳು. ಬೆಳಿಗ್ಗೆ ಎಂಟೂವರೆಗೆ ಇಳಿಸಿ ಮಧ್ಯಾಹ್ನ ಮೂರಕ್ಕೆಲ್ಲ ವಾಪಸ್ ಹಡಗಿಗೆ ಅಂತೆ. ಅಂದರೆ ಕೈಯಲ್ಲಿ ಆರು ಗಂಟೆ ಇರುತ್ತದೆ. ಹೋಗಿ ಬಂದವರು ನಿಜವಾಗಿ ಏನು ಮಾಡಿದಿರಿ ಹೇಳಿ. ಯೂಟ್ಯೂಬ್ ನೋಡಿ ಸಾಕಾಗಿದೆ, ಎಲ್ಲರೂ ನೀರಿನ ಬಣ್ಣವನ್ನೇ ತೋರಿಸುತ್ತಾರೆ.

ಹುಬ್ಬಳ್ಳಿ ಮಿರ್ಚಿ

ನಿಜ ಹೇಳಲಾ ಮೇಡಂ? ಅಲ್ಲಿ ಏನೂ ಇಲ್ಲ. ಹೋದ ವರ್ಷ ಹೋಗಿ ಬಂದೆ. ತೆಂಗಿನ ಮರ, ಮರಳು, ಮತ್ತೆ ತೆಂಗಿನ ಮರ. ದಡದಲ್ಲಿ ಒಂದು ಚಹಾದ ಅಂಗಡಿ ಸಿಗಲಿಲ್ಲ ನನಗೆ. ಮಿರ್ಚಿ ಭಜಿ ಕೇಳಬೇಡಿ. ಹನ್ನೆರಡೂವರೆಗೆ ಊಟ ಹಾಕಿದರು, ಆಮೇಲೆ ಎಲ್ಲರೂ ಕುರ್ಚಿಯಲ್ಲಿ ಕೂತು ಆಕಳಿಸಿದೆವು. ತೆಂಗು ಕಡಲು ನೋಡೋಕೆ ಇಷ್ಟು ದುಡ್ಡು ಯಾಕೆ? ಕಾರವಾರಕ್ಕೆ ಹೋಗಿ, ರಾತ್ರಿ ಬಸ್ಸಿನಲ್ಲಿ ಮನೆಗೆ ಬಂದುಬಿಡಿ.

ಎಂಜಿನ್ ರೂಮ್

ಮಿರ್ಚಿ ಅವರ ಮಾತಲ್ಲಿ ಅರ್ಧ ಸತ್ಯ ಇದೆ. ಏನೂ ಇಲ್ಲ ಅನ್ನೋದು ನಿಜ. ಅದಕ್ಕೇ ಹೋಗಬೇಕು.

ಮೊದಲು ಇಳಿಯೋ ವಿಷಯ ಹೇಳುತ್ತೇನೆ, ನಿಮ್ಮ ಅತ್ತೆಯವರಿಗೆ ಅದೇ ಮುಖ್ಯ. ದೊಡ್ಡ ಹಡಗು ದಡಕ್ಕೆ ಬರೋಲ್ಲ. ಹವಳದ ದಂಡೆಯ ಹೊರಗೆ ಆಳದ ನೀರಿನಲ್ಲಿ ನಿಲ್ಲುತ್ತದೆ. ಹಡಗಿನ ಪಕ್ಕದಲ್ಲಿ ಒಂದು ಬಾಗಿಲು ತೆರೆಯುತ್ತಾರೆ, ಕೆಳಗೆ ಚಿಕ್ಕ ಬೋಟು ಬಂದು ತಾಗುತ್ತದೆ. ಅದು ಅಲೆಯ ಜೊತೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಬೋಟು ಮೇಲೆ ಬಂದಾಗ ಕಾಲಿಡಬೇಕು, ಇಳಿಯುವಾಗ ಅಲ್ಲ. ಬಾಗಿಲಲ್ಲಿ ನಿಂತ ಹುಡುಗರು ಇಬ್ಬರು ಎರಡೂ ರಟ್ಟೆ ಹಿಡಿಯುತ್ತಾರೆ. ಅವರು 'ಈಗ' ಅಂದಾಗ ಹೆಜ್ಜೆ ಇಡಿ, ಯೋಚನೆ ಮಾಡಬೇಡಿ. ಅನುಮಾನ ಮಾಡುವವರೇ ಬೀಳೋದು. ಕೈಯಲ್ಲಿ ಬ್ಯಾಗು, ಮೊಬೈಲು ಬೇಡ. ಸೀರೆ ಆದರೆ ಸ್ವಲ್ಪ ಎತ್ತಿ ಕಟ್ಟಿರಲಿ, ಚೂಡಿದಾರ್ ಆದರೆ ಇನ್ನೂ ಒಳ್ಳೇದು.

ಈಗ ಮಿನಿಕಾಯ್. ನಾನು ಕುಮಟಾದವನು, 31 ವರ್ಷ ಸರಕು ಹಡಗುಗಳಲ್ಲಿ ದುಡಿದವನು. ಮಿನಿಕಾಯ್‌ನ ದಕ್ಷಿಣಕ್ಕೆ ಎಂಟು ಡಿಗ್ರಿ ಕಾಲುವೆ, ಆಚೆ ಮಾಲ್ಡೀವ್ಸ್. ಉತ್ತರಕ್ಕೆ ಒಂಬತ್ತು ಡಿಗ್ರಿ ಕಾಲುವೆ, ಆಚೆ ಉಳಿದ ಲಕ್ಷದ್ವೀಪ. ಕಾಲುವೆ ಅಂದರೆ ತೋಡಿದ್ದಲ್ಲ, ಆ ಅಕ್ಷಾಂಶದಲ್ಲಿರುವ ಅಗಲವಾದ ಸಮುದ್ರದ ದಾರಿ. ಕೊಲ್ಲಿ ದೇಶಗಳಿಂದ, ಕೆಂಪು ಸಮುದ್ರದಿಂದ ಕೊಲಂಬೊ, ಸಿಂಗಪುರ ಕಡೆ ಹೋಗುವ ಹಡಗುಗಳು ಇಲ್ಲೇ ಹಾಯುತ್ತವೆ. ರಾತ್ರಿ ವಾಚ್ ಮುಗಿಸಿ ಮೇಲೆ ಬಂದರೆ ದೂರದಲ್ಲಿ ಮಿನಿಕಾಯ್ ದೀಪ ಮಿನುಗುತ್ತಿತ್ತು. ನೆಲ ಕಾಣುತ್ತಿರಲಿಲ್ಲ, ದೀಪ ಮಾತ್ರ. ನಮ್ಮ ಹಡಗುಗಳಲ್ಲಿ ಮಿನಿಕಾಯ್‌ನ ಖಲಾಸಿಗಳು ತುಂಬ ಇರುತ್ತಿದ್ದರು. ತಲೆತಲಾಂತರದಿಂದ ಆ ದ್ವೀಪದ ಗಂಡಸರು ಹಡಗಿನ ಕೆಲಸಕ್ಕೆ ಹೋಗುವವರೇ. ಆ ದೀಪ ಕಂಡಾಗ ಅವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಮನೆ ಅಲ್ಲೇ ಇದೆ, ಹಡಗು ನಿಲ್ಲೋಲ್ಲ. ರಿಟೈರ್ ಆದ ಮೇಲೆ ಆ ದೀಪದ ಬುಡಕ್ಕೆ ಹೋಗಬೇಕು ಅಂತ ಆಗಲೇ ಅಂದುಕೊಂಡಿದ್ದೆ. ಹೋದೆ.

ಬ್ರಿಟಿಷರು 1885ರಲ್ಲಿ ಕಟ್ಟಿದ ದೀಪಸ್ತಂಭ ಅದು. ಹತ್ತಲು ಬಿಡುತ್ತಾರೆ. ಸುತ್ತು ಮೆಟ್ಟಿಲು, ಕೊನೆಗೆ ಕಡಿದಾಗಿದೆ, ಅತ್ತೆಯವರಿಗೆ ಬೇಡ. ನಿಮ್ಮ ಮಗಳನ್ನು ಮಾತ್ರ ಖಂಡಿತ ಹತ್ತಿಸಿ. ಮೇಲಿನಿಂದ ಇಡೀ ದ್ವೀಪ ಕುಡುಗೋಲಿನ ಹಾಗೆ ಬಾಗಿರೋದು ಕಾಣುತ್ತದೆ. ಸುಮಾರು ಹತ್ತು ಕಿಲೋಮೀಟರ್ ಉದ್ದ, ಅಗಲ ಏನೂ ಇಲ್ಲ. ಒಂದು ಕಡೆ ತಿಳಿ ಹಸಿರು ನೀರು, ಇನ್ನೊಂದು ಕಡೆ ಕಡುನೀಲಿ. ನಡುವೆ ಬಿಳಿ ನೊರೆಯ ಗೆರೆ ಒಂದಿದೆಯಲ್ಲ, ಅಲ್ಲಿ ಹವಳದ ದಂಡೆ ಮುಗಿಯುತ್ತದೆ. ಆ ಗೆರೆ ಇಲ್ಲದಿದ್ದರೆ ದ್ವೀಪವೇ ಇಲ್ಲ.

ನೀರಾಟ ಬಿಟ್ಟು ಹಳ್ಳಿಗೆ ಹೋಗಿ. ಅಲ್ಲಿ ಪ್ರತಿ ಹಳ್ಳಿಗೂ ಒಬ್ಬ ಹಿರಿಯ, ಬೋಡುಕಾಕ ಅಂತಾರೆ. ಹೆಂಗಸರಿಗೂ ಬೇರೆ ಹಿರಿಯಳು ಇರುತ್ತಾಳೆ. ಹಳ್ಳಿಗೆ ಸೇರಿದ ಸಾರ್ವಜನಿಕ ಮನೆಯೊಂದು ಇರುತ್ತದೆ, ಅದನ್ನು ಅವರು ಇಟ್ಟುಕೊಂಡಿರುವ ಚೊಕ್ಕಟ ನೋಡಬೇಕು. ಜಹಾದೋಣಿ ಅಂತ ಬಣ್ಣ ಬಳಿದ ಉದ್ದನೆ ಸ್ಪರ್ಧೆ ದೋಣಿಗಳನ್ನು ಕೊಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಕೇಳಿದರೆ ತೋರಿಸುತ್ತಾರೆ.

ಬಂದರು ಮಂಗಳೂರು

ಎಂಜಿನ್ ರೂಮ್ ಸಾಹೇಬ್ರು ಸರಿಯಾಗಿ ಹೇಳಿದ್ರು. ದೋಣಿ ಅನ್ನುವ ಶಬ್ದ ನೋಡಿ, ನಮಗೂ ಅದೇ, ಅವರಿಗೂ ಅದೇ.

ಇನ್ನೊಂದು ವಿಷಯ ಉಂಟು. ನಮ್ಮ ಅಜ್ಜ ಹಳೆ ಬಂದರಿನಲ್ಲಿ ನಾರಿನ ಹಗ್ಗದ ವ್ಯಾಪಾರ ಮಾಡುತ್ತಿದ್ದವರು. ಲಕ್ಷದ್ವೀಪ ಮೊದಲು ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿತ್ತು ಮಾರಾಯ್ರೆ! 1956ರ ನವೆಂಬರ್ 1ರ ತನಕ. ನಮಗೆ ರಾಜ್ಯೋತ್ಸವದ ದಿನ, ಅವರಿಗೆ ಕೇಂದ್ರಾಡಳಿತ ಪ್ರದೇಶ ಆದ ದಿನ.

ಮೇಷ್ಟ್ರು

ಒಂದು ಸಣ್ಣ ತಿದ್ದುಪಡಿ ಬಂದರು ಅವರೇ, ಕೋಪ ಮಾಡ್ಕೋಬೇಡಿ. ಪೂರ್ತಿ ಲಕ್ಷದ್ವೀಪ ಅಲ್ಲ. ಉತ್ತರದ ಅಮೀನ್‌ದೀವಿ ಗುಂಪು ಮಾತ್ರ, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಅವು 1787ರಲ್ಲಿ, ಆಗ ದ್ವೀಪಗಳನ್ನು ಆಳುತ್ತಿದ್ದ ಕಣ್ಣೂರಿನ ಅರಕ್ಕಲ್ ಮನೆತನದ ವಿರುದ್ಧ ಎದ್ದು ಟಿಪ್ಪುವಿನ ಕಡೆ ಬಂದವು. 1799ರ ನಂತರ ಬ್ರಿಟಿಷರು ಅವನ್ನು ಕೆನರಾಕ್ಕೆ ಸೇರಿಸಿದರು. ಕವರತ್ತಿ, ಕಲ್ಪೇನಿ, ಮಿನಿಕಾಯ್ ಇವು ಮಲಬಾರಿನ ಕಡೆ. ಸಂಪಿಗೆ ರಸ್ತೆ ಮೇಡಂ ಹೋಗುವ ಮೂರೂ ದ್ವೀಪ ನಮ್ಮ ಜಿಲ್ಲೆಯಲ್ಲಿ ಇರಲಿಲ್ಲ.

ಬಂದರು ಮಂಗಳೂರು

ಸೈ ಮೇಷ್ಟ್ರೆ, ಒಪ್ಪಿದೆ. ನನಗೆ ಅಜ್ಜನ ಬಾಯಿಂದ ಕೇಳಿದ್ದು ಅಷ್ಟೇ. ಅಮಿನಿಯವರೇ ಅಜ್ಜನ ಅಂಗಡಿಗೆ ಬರುತ್ತಿದ್ದದ್ದು, ಹಾಗಾಗಿ ಅವರಿಗೆ ಎಲ್ಲ ದ್ವೀಪವೂ ಅಮಿನಿಯೇ.

ಆ ಹಗ್ಗದ ವ್ಯಾಪಾರದ ವ್ಯವಸ್ಥೆ ವಿಚಿತ್ರ ಉಂಟು. ದ್ವೀಪದವರು ತೆಂಗಿನ ಸಿಪ್ಪೆಯನ್ನು ಒಳನೀರಿನಲ್ಲಿ, ಅಂದರೆ ಹವಳದ ದಂಡೆಯ ಒಳಗಿನ ಆಳವಿಲ್ಲದ ಕಡಲಲ್ಲಿ, ನೆನೆ ಹಾಕಿ, ಹೆಂಗಸರು ಅದನ್ನು ಬಡಿದು ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಆ ಹಗ್ಗವನ್ನು ಬೇರೆ ಯಾರಿಗೂ ಮಾರುವ ಹಾಗಿಲ್ಲ. ಮಂಗಳೂರಿಗೆ ತಂದು ಸರಕಾರಕ್ಕೇ ಕೊಡಬೇಕು. ಸರಕಾರ ದರ ನಿಗದಿ ಮಾಡಿ ಅಕ್ಕಿ ಕೊಡುತ್ತಿತ್ತು. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ ನೋಡಿ, ಅಕ್ಕಿ ಇಲ್ಲದೆ ಅವರಿಗೆ ಗತಿ ಇಲ್ಲ. ತಕ್ಕಡಿ ಯಾರ ಕೈಯಲ್ಲಿತ್ತು ಅಂತ ಬಿಡಿಸಿ ಹೇಳಬೇಕಾ.

ಈಗಲೂ ಹಳೆ ಬಂದರಿನಿಂದ ಮಂಜಿಗಳು ಹೋಗುತ್ತವೆ. ಮಂಜಿ ಅಂದರೆ ಮರದ ಸರಕು ಹಡಗು. ಜಲ್ಲಿ, ಸಿಮೆಂಟು, ತರಕಾರಿ, ಆಡು. ಎಲ್ಲ ಇಲ್ಲಿಂದಲೇ. 2024ರ ಮೇ ತಿಂಗಳಲ್ಲಿ ವೇಗದ ಹಡಗೊಂದು ಅಲ್ಲಿಂದ ಜನರನ್ನು ಕರೆದುಕೊಂಡು ಮಂಗಳೂರಿಗೆ ಬಂದಿತ್ತು. ಏಳು ಗಂಟೆಯ ದಾರಿ. ಪ್ರವಾಸದ ಹಡಗೂ ಇಲ್ಲಿಂದ ಶುರುವಾದರೆ ನಾವು ಕೊಚ್ಚಿಯ ತನಕ ಯಾಕೆ ಹೋಗಬೇಕು ಹೇಳಿ.

ಅಡುಗೆಮನೆ ಕಿಟಕಿ

ಸಂಪಿಗೆ ರಸ್ತೆ ಅಕ್ಕ, ಊಟದ ಚಿಂತೆ ಬಿಡಿ. ನಾವೂ ಸಸ್ಯಾಹಾರಿಗಳೇ. ಹಡಗಿನಲ್ಲಿ ಅನ್ನ, ಸಾಂಬಾರು, ಪಲ್ಯ, ಹಪ್ಪಳ ಸಿಕ್ಕಿತು. ದಡದಲ್ಲೂ ಬೇರೆ ಪಾತ್ರೆಯಲ್ಲಿ ಇಟ್ಟಿದ್ದರು. ಮೀನಿನ ವಾಸನೆ ಮಾತ್ರ ಎಲ್ಲ ಕಡೆ ಇರುತ್ತದೆ. ಟ್ಯೂನಾ ಅವರಿಗೆ ನಮ್ಮ ಬೇಳೆ ಇದ್ದ ಹಾಗೆ. ಅತ್ತೆಗೆ ಮೊದಲೇ ಹೇಳಿ ಇಟ್ಟುಬಿಡಿ. ಉಪ್ಪಿನಕಾಯಿ, ಚಟ್ನಿಪುಡಿ ಒಂದು ಡಬ್ಬಿ ಇರಲಿ. ಕಡಲಲ್ಲಿ ಹೊಟ್ಟೆ ತೊಳಸಿದಾಗ ನಿಂಬೆ ಉಪ್ಪಿನಕಾಯಿಯೇ ನನ್ನನ್ನು ಉಳಿಸಿದ್ದು. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ ತಗೊಳ್ಳಿ. ಹಡಗು ಹೊರಡೋ ಮೊದಲೇ ನುಂಗಬೇಕು, ಶುರುವಾದ ಮೇಲೆ ಪ್ರಯೋಜನವಿಲ್ಲ.

ಬಟ್ಟೆ ವಿಷಯ. ಇದು ಗೋವಾ ಅಲ್ಲ. ಹೆಚ್ಚುಕಡಿಮೆ ಎಲ್ಲರೂ ಮುಸಲ್ಮಾನರು, ಊರು ತುಂಬ ಸಂಪ್ರದಾಯಸ್ಥ. ಪ್ರವಾಸಿಗರಿಗೆ ಬಿಟ್ಟ ದಡದಲ್ಲಿ ಈಜುಡುಗೆ ನಡೆಯುತ್ತದೆ. ಅದನ್ನೇ ಹಾಕಿಕೊಂಡು ಊರೊಳಗೆ ಹೋಗಬೇಡಿ. ಹೆಂಗಸರ ಫೋಟೋ ಕೇಳದೆ ತೆಗೆಯಲೇಬೇಡಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಊರೇ ಖಾಲಿ, ಆಗ ಏನೂ ಕೇಳಿದರೂ ಸಿಗಲ್ಲ.

ಪರ್ಮಿಟ್ ಮರೆಯಬೇಡಿ. ನಾವು ಭಾರತೀಯರೇ ಆದರೂ ಬೇಕು. ಪ್ಯಾಕೇಜಿನವರು ಮಾಡಿಸಿಕೊಡುತ್ತಾರೆ, ಪೊಲೀಸ್ ಠಾಣೆಯ ಕ್ಲಿಯರೆನ್ಸ್ ನಾವೇ ತರಬೇಕು. ನಮ್ಮ ಠಾಣೆಯಲ್ಲಿ ಅದಕ್ಕೆ ಮೂರು ಸಲ ಓಡಾಡಿಸಿದರು. ಒಂದು ತಿಂಗಳು ಮುಂಚೆಯೇ ಶುರು ಮಾಡಿ.

ಹುಬ್ಬಳ್ಳಿ ಮಿರ್ಚಿ

ಇಷ್ಟೆಲ್ಲ ನಿಯಮ ಹೊತ್ತುಕೊಂಡು ಹೋಗಬೇಕಾ? ಡ್ರಿಂಕ್ಸ್ ಕೂಡ ಇಲ್ಲ, ಬಂಗಾರಂ ದ್ವೀಪ ಬಿಟ್ಟು. ರಜೆಗೆ ಹೋದದ್ದೋ ಹಾಸ್ಟೆಲಿಗೆ ಹೋದದ್ದೋ ಗೊತ್ತಾಗಲಿಲ್ಲ.

ಎಂಜಿನ್ ರೂಮ್

ಮಿರ್ಚಿ ಅವರೇ, 31 ವರ್ಷ ಜಗತ್ತಿನ ಬಂದರುಗಳನ್ನು ನೋಡಿದ್ದೇನೆ. ಹಡಗು ಬಂದ ತಕ್ಷಣ ಬಾರು, ಮಣಿ ಸರ, ಟೀಶರ್ಟು, ಟ್ಯಾಕ್ಸಿ. ಎಲ್ಲ ಕಡೆ ಒಂದೇ ಬೀದಿ. ಮಿನಿಕಾಯ್‌ನಲ್ಲಿ ಹಡಗು ಬಂದರೂ ಊರು ತನ್ನ ಪಾಡಿಗೆ ತಾನಿರುತ್ತದೆ. ಸೈಕಲ್ ಮೇಲೆ ಮಕ್ಕಳು ಶಾಲೆಗೆ ಹೋಗುತ್ತಾರೆ. ನಿಮ್ಮನ್ನು ನೋಡಿ ನಗುತ್ತಾರೆ, ಏನನ್ನೂ ಮಾರೋಲ್ಲ. ಇದು ನನಗೆ ಇಷ್ಟ, ನಿಮಗೆ ಇಷ್ಟ ಇಲ್ಲ. ಅಷ್ಟೇ ಅಲ್ವಾ.

ಹುಬ್ಬಳ್ಳಿ ಮಿರ್ಚಿ

ಅಷ್ಟೇ ರೀ. ಜಗಳ ಏನಿಲ್ಲ. ಆದರೆ ಒಂದು ಮಾತು: ಮಿನಿಕಾಯ್‌ನಲ್ಲಿ ನಾನು ಹಳ್ಳಿಗೆ ಹೋಗಲಿಲ್ಲ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೇಷ್ಟ್ರು

ಮಗು ಜೊತೆ ಹೋಗುವುದರಿಂದ ನೀರಿನ ವಿಷಯ ಎರಡು ಮಾತು. ಮೇಷ್ಟ್ರ ಚಾಳಿ, ಕ್ಷಮಿಸಿ.

ಲಕ್ಷದ್ವೀಪದಲ್ಲಿ ನದಿ ಇಲ್ಲ, ಹೊಳೆ ಇಲ್ಲ, ಬೆಟ್ಟ ಇಲ್ಲ. ಎಲ್ಲ ದ್ವೀಪ ಕೂಡಿಸಿದರೂ 32 ಚದರ ಕಿಲೋಮೀಟರ್. ಆದರೂ ಬಾವಿ ತೋಡಿದರೆ ಸಿಹಿನೀರು ಬರುತ್ತದೆ. ಹೇಗೆ? ಮಳೆ ನೀರು ಹವಳದ ಮರಳಿನೊಳಗೆ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ತೇಲುತ್ತದೆ. ಸಾರಿನ ಮೇಲೆ ತುಪ್ಪ ತೇಲುವ ಹಾಗೆ. ಈ ಪದರ ತೆಳುವಾಗಿದೆ. ಜಾಸ್ತಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಒಮ್ಮೆ ಬಾವಿ ಉಪ್ಪಾದರೆ ಸರಿಯಾಗಲು ಎಷ್ಟೋ ಕಾಲ ಬೇಕು. ಹಾಗಾಗಿ ದಡದಲ್ಲಿ ಈಜಿ ಬಂದು ಅರ್ಧ ಗಂಟೆ ಶವರ್ ಕೆಳಗೆ ನಿಲ್ಲಬೇಡಿ ಅಂತ ಮಗಳಿಗೆ ಹೇಳಿ.

ಕವರತ್ತಿಯಲ್ಲಿ ಇನ್ನೊಂದು ಉಪಾಯ ಮಾಡಿದ್ದಾರೆ. 2005ರಲ್ಲಿ ಶುರುವಾದ ಘಟಕ, ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು. ಮೇಲಿನ ಕಡಲ ನೀರು ಸುಮಾರು 28 ಡಿಗ್ರಿ ಬೆಚ್ಚಗಿರುತ್ತದೆ. ಅದನ್ನು ಗಾಳಿ ಹೀರಿ ತೆಗೆದ ತೊಟ್ಟಿಗೆ ಬಿಟ್ಟರೆ ಅಷ್ಟು ಕಡಿಮೆ ಬಿಸಿಗೇ ಆವಿ ಏಳುತ್ತದೆ. ಸುಮಾರು 350 ಮೀಟರ್ ಆಳದಿಂದ ಕೊಳವೆಯಲ್ಲಿ ತಂದ ತಣ್ಣನೆ ನೀರು ಆ ಆವಿಯನ್ನು ಮತ್ತೆ ನೀರು ಮಾಡುತ್ತದೆ. ಒಲೆಯೇ ಬೇಡ. ದ್ವೀಪದ ಅಂಚು ಗೋಡೆ ಹಾಗೆ ಕೆಳಗಿಳಿಯುವುದರಿಂದ ದಡದ ಹತ್ತಿರವೇ ಅಷ್ಟು ಆಳ ಸಿಗುತ್ತದೆ. ನಮ್ಮ ಮಲ್ಪೆಯಲ್ಲಿ ಆಗಲ್ಲ, ಅಲ್ಲಿ ಎಷ್ಟು ದೂರ ಹೋದರೂ ಕಡಲು ಆಳವಾಗುವುದೇ ಇಲ್ಲ. 2011ರಲ್ಲಿ ಮಿನಿಕಾಯ್, ಅಗತ್ತಿಯಲ್ಲೂ ಇದೇ ರೀತಿಯವು ಬಂದವು.

ಹವಳದ ಬಗ್ಗೆ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. 1998, 2010, 2016, ಮತ್ತೆ 2024ರಲ್ಲಿ ಕಡಲು ಬಿಸಿಯಾಗಿ ಹವಳ ಬೆಳ್ಳಗಾಯಿತು. ಎಷ್ಟೋ ಕಡೆ ಸತ್ತ ಹವಳವೇ ಕಾಣುತ್ತದೆ. ಮೀನುಗಳಿವೆ, ಆಮೆಗಳಿವೆ. ಪೋಸ್ಟರಿನ ಬಣ್ಣ ಎಲ್ಲ ಕಡೆ ಇರಲ್ಲ.

ಬಂದರು ಮಂಗಳೂರು

ಕಲ್ಪೇನಿಗೆ ಹೋದರೆ ಪೂರ್ವದ ದಡ ನೋಡಿ. ಹವಳದ ಬಂಡೆಗಳು ರಾಶಿ ಬಿದ್ದಿವೆ. 1847ರ ಬಿರುಗಾಳಿಯಲ್ಲಿ ಕಡಲು ಎತ್ತಿ ಹಾಕಿದ್ದಂತೆ. ಆ ಬಿರುಗಾಳಿ ಆಂದ್ರೋತ್ ದ್ವೀಪಕ್ಕೂ ಬಡಿದಿತ್ತು. ನಾನು ಮುಟ್ಟಿ ನೋಡಿದೆ, ಒಂದೊಂದು ನಮ್ಮ ಗೋದಾಮಿನ ಬಾಗಿಲಿನಷ್ಟು.

ನಿರ್ವಾಹಕ

ಹವಳ, ಚಿಪ್ಪು ಮನೆಗೆ ತರುವ ಬಗ್ಗೆ ಎರಡು ಸಂದೇಶ ಬಂದಿದ್ದವು, ತೆಗೆದಿದ್ದೇನೆ. ಹವಳ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಸತ್ತ ತುಂಡೂ ತರುವ ಹಾಗಿಲ್ಲ. ಅದನ್ನು ಹೇಗೆ ದಾಟಿಸುವುದು ಅಂತ ಇಲ್ಲಿ ಚರ್ಚೆ ಬೇಡ.

ಸಂಪಿಗೆ ರಸ್ತೆ

ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದು ಖಂಡಿತ ಬರೀತೀನಿ.

ಸಂಪಿಗೆ ರಸ್ತೆ

ಬಂದೆವು! ಬಂದು ಎರಡು ವಾರ ಆಯಿತು. ಮೊದಲ ನಾಲ್ಕು ದಿನ ಮನೆಯ ನೆಲವೇ ಅಲ್ಲಾಡುತ್ತಿತ್ತು, ಅದಕ್ಕೆ ತಡ.

ಮೊದಲ ರಾತ್ರಿ ನಾನು ಕೆಟ್ಟೆ. ಮಾತ್ರೆ ತಗೊಂಡೆ, ಹಡಗು ಹೊರಟ ಮೇಲೆ. ಕಿಟಕಿ ಅಕ್ಕ, ನೀವು ಹೇಳಿದ್ದು ನೆನಪಿತ್ತು, ಆದರೂ ಮರೆತೆ. ಅತ್ತೆ ಮಾತ್ರ ಡೆಕ್ಕಿನ ಮೇಲೆ ಕೂತು ಚಟ್ನಿಪುಡಿ ಅನ್ನ ಉಂಡರು.

ಕವರತ್ತಿಯಲ್ಲಿ ಪಟ್ಟಿಯಲ್ಲಿ ಇದ್ದದ್ದೆಲ್ಲ ಮಾಡಿದೆವು. ಮೀನುಗಳ ಅಕ್ವೇರಿಯಂ, ಗಾಜಿನ ತಳದ ದೋಣಿ, ಉಜ್ರಾ ಮಸೀದಿಯ ಮರದ ಕೆತ್ತನೆ. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಯಾರೋ ಸೀಟಿ ಊದಿ ಓಡಿಸಿದ ಹಾಗೆ. ಹಡಗಿಗೆ ಬಂದ ಮೇಲೆ ಮಾವ "ಇವತ್ತು ಎಲ್ಲಿಗೆ ಹೋಗಿದ್ವಿ?" ಅಂದರು. ತಮಾಷೆಗೆ ಅಲ್ಲ.

ಆಮೇಲೆ ನಾನು ಮತ್ತು ನನ್ನ ಗಂಡ ಮಾತಾಡಿ ಪಟ್ಟಿಯನ್ನು ಪಕ್ಕಕ್ಕಿಟ್ಟೆವು. ಕಲ್ಪೇನಿಯಲ್ಲಿ ಒಂದೇ ಜಾಗ. ದ್ವೀಪದ ತುದಿಯ ದಡ. ಅಲ್ಲಿ ಒಳನೀರು ಅಷ್ಟು ಅಗಲ ಇದೆ, ಇಳಿತದ ಹೊತ್ತಿಗೆ ಎಷ್ಟು ದೂರ ನಡೆದರೂ ಮಂಡಿಯುದ್ದ. ಎದುರಿಗೆ ತಿಲಕ್ಕಂ ಅನ್ನುವ ಪುಟ್ಟ ದ್ವೀಪಗಳು. ಗಂಡ ಮಗಳು ಕಯಾಕಿನಲ್ಲಿ ಹೋದರು. ಅತ್ತೆಗೆ ಪ್ಲಾಸ್ಟಿಕ್ ಕುರ್ಚಿಯನ್ನು ನೀರಿನಲ್ಲೇ ಹಾಕಿಕೊಟ್ಟೆ. ಎರಡು ಗಂಟೆ ಕಾಲು ಮುಳುಗಿಸಿ ಕೂತಿದ್ದರು. ಮಂಡಿನೋವಿನ ಮಾತು ಒಂದು ಸಲವೂ ಬರಲಿಲ್ಲ. ಸಣ್ಣ ಮೀನುಗಳು ಬಂದು ಬೆರಳು ಕಚ್ಚುತ್ತಿದ್ದವು, ಅವರು ಅವಕ್ಕೆ ಬೈಯುತ್ತಿದ್ದರು.

ಮಾವ ದಡದಲ್ಲೇ ಇದ್ದರು. ಒಂದು ಗಂಟೆ ಆದಮೇಲೆ ಪಂಚೆ ಎತ್ತಿ ಕಟ್ಟಿ ಒಂದು ಹೆಜ್ಜೆ ಇಟ್ಟರು. ಯಾರೂ ನೋಡಲಿಲ್ಲ ಅಂದುಕೊಂಡರು. ನಾನು ನೋಡಿದೆ, ಏನೂ ಹೇಳಲಿಲ್ಲ. ಊಟದ ಹೊತ್ತಿಗೆ ಅವರು ಅತ್ತೆಯ ಕುರ್ಚಿ ಪಕ್ಕ ನಿಂತಿದ್ದರು. ಕಪ್ಪಗೆ ಹೀರೇಕಾಯಿ ಹಾಗೆ ಬಿದ್ದಿತ್ತಲ್ಲ, ಅದು ಏನು ಅಂತ ಅಲ್ಲಿಯ ಹುಡುಗನನ್ನು ಕೇಳುತ್ತಿದ್ದರು. ಕಡಲ ಸೌತೆ ಅಂತೆ, ಅದೂ ಪ್ರಾಣಿಯೇ, ಮುಟ್ಟಬಾರದು ಅಂದ. ಊಟ ಆದಮೇಲೆ ಊರಿನವರು ಕೋಲ್ಕಳಿ ಆಡಿ ತೋರಿಸಿದರು, ನಮ್ಮ ಕೋಲಾಟವೇ.

ಬಂದರು ಅವರ ಬಂಡೆ ನೋಡಲು ಆಗಲಿಲ್ಲ. ಆ ಕಡೆ ಹೋಗುವಷ್ಟರಲ್ಲಿ ಬೋಟಿನವರು ಕರೆದರು.

ಕೊನೆಗೆ ಮಿನಿಕಾಯ್. ಆರು ಗಂಟೆ ಅಂದಿದ್ದು ನಾಲ್ಕೇ ಆಯಿತು. ಬೆಳಿಗ್ಗೆ ಅಲೆ ಜಾಸ್ತಿ ಇತ್ತು ಅಂತ ಬೋಟು ತಡವಾಗಿ ಬಿಟ್ಟರು. ಅತ್ತೆ ಇಳಿಯುವಾಗ ನನಗೆ ಜೀವ ಬಾಯಿಗೆ ಬಂತು. ಎಂಜಿನ್ ರೂಮ್ ಸರ್ ಹೇಳಿದ್ದನ್ನು ಅವರಿಗೆ ರಾತ್ರಿಯೇ ಓದಿ ಹೇಳಿದ್ದೆ. ಹುಡುಗರು 'ಈಗ' ಅಂದರು, ಇವರು ಇಟ್ಟೇಬಿಟ್ಟರು. ಮದುಮಗಳನ್ನು ಮಂಟಪಕ್ಕೆ ಕರೆತಂದ ಹಾಗೆ ಇಬ್ಬರು ಎರಡು ಕಡೆ. ಬೋಟಿನಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿ "ನೀನು ಯೋಚನೆ ಮಾಡಬೇಡ, ಹೆಜ್ಜೆ ಇಡು" ಅಂದರು.

ಗುಂಪಿನವರು ತುಂಡಿ ಬೀಚಿಗೆ ಹೋದರು. ಅದಕ್ಕೆ 2022ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕಟ ದಡಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕಿದೆ, ಚಂದವೇ ಇರುತ್ತದೆ. ನಾವು ಕೇಳಿಕೊಂಡು ಹಳ್ಳಿಗೆ ಹೋದೆವು. ಕಿರಿದಾದ ದಾರಿ, ಎರಡೂ ಕಡೆ ಹವಳದ ಕಲ್ಲಿನ ಗೋಡೆ. ನಾಯಿ ಒಂದೂ ಇಲ್ಲ, ಇಡೀ ಲಕ್ಷದ್ವೀಪದಲ್ಲೇ ಇಲ್ಲವಂತೆ. ಬೆಂಗಳೂರಿನಲ್ಲಿ ಬೆಳೆದ ಮಗಳಿಗೆ ಇದು ನಂಬಲಾಗದ ವಿಷಯ. ಮೂಲೆ ಮೂಲೆಯಲ್ಲಿ ಹುಡುಕಿದಳು.

ಒಂದು ಮನೆಯ ಮುಂದೆ ವಯಸ್ಸಾದ ಹೆಂಗಸು ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ತುರಿಮಣೆ! ಕುಳ್ಳಗೆ ಮರದ ಮಣೆ, ಮುಂದೆ ಹಲ್ಲಿನ ಕಬ್ಬಿಣ. ನಮ್ಮ ಅತ್ತೆಯ ತವರಿನಲ್ಲಿ ಇದ್ದದ್ದು ಇಂಥದ್ದೇ. ಅತ್ತೆ ನಿಂತುಬಿಟ್ಟರು. ಅವರಿಗೆ ಮಹಲ್ ಭಾಷೆ, ಇವರಿಗೆ ಕನ್ನಡ. ಇಬ್ಬರಿಗೂ ಹಿಂದಿ ಬರಲ್ಲ. ಅತ್ತೆ ಕೈ ಸನ್ನೆ ಮಾಡಿ ಮಣೆ ತೋರಿಸಿದರು. ಆಕೆ ನಕ್ಕು ಜಾಗ ಬಿಟ್ಟರು. ಮಂಡಿನೋವಿನ ಅತ್ತೆ ಆ ಮಣೆಯ ಮೇಲೆ ಕೂತು ಅರ್ಧ ಹೋಳು ತುರಿದರು! ಆಕೆ ತುರಿ ಮುಟ್ಟಿ ನೋಡಿ ಏನೋ ಅಂದರು. ಸಣ್ಣಗಿದೆ ಅಂದರೋ ದಪ್ಪ ಇದೆ ಅಂದರೋ ಈಗಲೂ ನಮ್ಮ ಮನೆಯಲ್ಲಿ ಚರ್ಚೆ ನಡೀತಿದೆ.

ಅವರ ಅಳಿಯ ಬಂದರು. ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರು, ಹಿಂದಿ ಚೆನ್ನಾಗಿ ಬರುತ್ತದೆ. ಅಲ್ಲಿ ಗಂಡ ಹೆಂಡತಿಯ ಮನೆಗೆ ಬಂದು ಇರೋದಂತೆ, ಮನೆ ಹೆಂಗಸರದ್ದು. ಗಂಡಸರು ತಿಂಗಳುಗಟ್ಟಲೆ ಕಡಲಲ್ಲಿ ಇದ್ದರೆ ಮನೆ ನಡೆಸೋರು ಯಾರು, ನೀವೇ ಹೇಳಿ ಅಂದರು. ಮಂಗಳೂರಿನ ಹೆಸರು ಹೇಳಿದ ಕೂಡಲೇ "ಪಣಂಬೂರು!" ಅಂದರು. ಅಲ್ಲಿ ಅದಿರು ತುಂಬಲು ಹಡಗು ನಿಂತಾಗ ತಿಂಡಿ ತಿಂದ ಹೋಟೆಲು ನೆನಪಿದೆಯಂತೆ. ಊರಿನಲ್ಲಿ ಮೀನು ಹಿಡಿಯೋದು ಹೇಗೆ ಅಂತ ಮಗಳಿಗೆ ಹೇಳಿದರು. ಬಲೆ ಹಾಕಿ ಬಾಚೋದಲ್ಲ. ಒಳನೀರಿನಲ್ಲಿ ಸಣ್ಣ ಮೀನು ಹಿಡಿದು ಜೀವಂತ ಇಟ್ಟುಕೊಂಡು ಹೊರಗೆ ಹೋಗುತ್ತಾರೆ. ಟ್ಯೂನಾ ಗುಂಪು ಕಂಡಾಗ ಅವನ್ನು ಎರಚಿ, ನೀರು ಚಿಮುಕಿಸಿ, ಕೋಲಿಗೆ ಕಟ್ಟಿದ ಗಾಳದಲ್ಲಿ ಒಂದೊಂದೇ ಮೀನನ್ನು ಎತ್ತಿ ಹಿಂದಕ್ಕೆ ಎಸೆಯೋದು. ಗಾಳಕ್ಕೆ ಮುಳ್ಳಿನ ಕೊಕ್ಕೆ ಇರಲ್ಲ, ಹಾಗಾಗಿ ಮೀನು ತಾನೇ ಕಳಚಿ ದೋಣಿಯೊಳಗೆ ಬೀಳುತ್ತದೆ. ಅಂಗಳದಲ್ಲಿ ಮಾಸ್ ಒಣಗುತ್ತಿತ್ತು. ಬೇಯಿಸಿ, ಹೊಗೆ ಹಾಕಿ, ಒಣಗಿಸಿದ ಟ್ಯೂನಾ. ಕಟ್ಟಿಗೆ ಥರ ಗಟ್ಟಿ. ಮಾವ ಅದನ್ನು ಸೌದೆ ಅಂತಲೇ ತಿಳಿದಿದ್ದರು.

ದೀಪಸ್ತಂಭ ಹತ್ತಿದ್ದು ಮಗಳು ಮತ್ತು ಅವಳಪ್ಪ. ಕುಡುಗೋಲು ಕಂಡಿತಂತೆ, ಬಿಳಿ ಗೆರೆಯೂ. ನಾನು ಕೆಳಗೆ ನೆರಳಲ್ಲಿ ಕೂತಿದ್ದೆ, ಹತ್ತಬೇಕಿತ್ತು ಅಂತ ಈಗ ಅನಿಸುತ್ತಿದೆ.

ಒಂದು ತಪ್ಪೂ ಆಯಿತು. ಮಗಳು ಕಲ್ಪೇನಿಯಲ್ಲಿ ಒಂದು ಬಿಳಿ ಹವಳದ ತುಂಡನ್ನು ಜೇಬಿಗೆ ಹಾಕಿಕೊಂಡಿದ್ದಳು. ನನಗೆ ಗೊತ್ತಾದದ್ದು ಹಡಗಿನಲ್ಲಿ, ಪ್ಯಾಂಟು ಒಗೆಯುವಾಗ. ಮಾರನೇ ದಿನ ಮಿನಿಕಾಯ್‌ನ ನೀರಿಗೆ ಬಿಟ್ಟೆವು. ಬೇರೆ ದ್ವೀಪದ ಹವಳವನ್ನು ಇಲ್ಲಿ ಬಿಟ್ಟರೆ ಪರವಾಗಿಲ್ಲವಾ ಅಂತ ಅವಳು ಕೇಳಿದಳು. ಮೇಷ್ಟ್ರೆ, ಉತ್ತರ ನಿಮಗೇ ಬಿಟ್ಟೆ.

ಮೇಷ್ಟ್ರು

ಸತ್ತ ತುಂಡು ಸವೆದು ಮರಳಾಗುತ್ತದೆ ಅಂತ ಹೇಳಿ. ಆ ದ್ವೀಪಗಳ ಮರಳೆಲ್ಲ ಹವಳ, ಚಿಪ್ಪು ಪುಡಿಯಾಗಿ ಆದದ್ದೇ. ಪ್ರಶ್ನೆ ಕೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಚಾಕೊಲೇಟ್.

ಎಂಜಿನ್ ರೂಮ್

ಮೇಡಂ, ನಿಮ್ಮ ಅತ್ತೆಯವರಿಗೆ ನಮಸ್ಕಾರ ಹೇಳಿ. ಹಡಗಿನಲ್ಲಿ ಹೊಸ ಹುಡುಗರಿಗೆ ಬೋಟಿಗೆ ಹೆಜ್ಜೆ ಇಡುವುದನ್ನು ಕಲಿಸಲು ನನಗೆ ವಾರಗಟ್ಟಲೆ ಬೇಕಾಗುತ್ತಿತ್ತು.

ಹುಬ್ಬಳ್ಳಿ ಮಿರ್ಚಿ

ಹಳ್ಳಿಗೆ ಹೋಗಲು ಯಾರನ್ನು ಕೇಳಿದಿರಿ? ಗೈಡ್ ಒಪ್ಪಿದನಾ?

ಸಂಪಿಗೆ ರಸ್ತೆ

ಹೌದು, ದಡದಲ್ಲಿದ್ದ ಗೈಡ್ ಹುಡುಗನನ್ನೇ. ಗುಂಪು ಬಿಟ್ಟು ಸುಮ್ನೆ ಹೊರಡಬೇಡಿ, ಪರ್ಮಿಟ್ ಊರು, ಲೆಕ್ಕ ಇಟ್ಟಿರುತ್ತಾರೆ. ಅವನು ಯಾರಿಗೋ ಫೋನ್ ಮಾಡಿದ, ಹತ್ತು ನಿಮಿಷಕ್ಕೆ ಒಂದು ಆಟೋ ಬಂತು. ಹಿಂದಿನ ದಿನ ಹಡಗಿನಲ್ಲೇ ಹೇಳಿಟ್ಟರೆ ಇನ್ನೂ ಸುಲಭ.

ಮತ್ತೆ, ಚಪ್ಪಲಿ ಬಗ್ಗೆ ಒಂದು ಮಾತು. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್. ಹವಾಯಿ ಬೇಡ, ನನ್ನದೊಂದು ಈಗಲೂ ಕಲ್ಪೇನಿಯ ಒಳನೀರಿನಲ್ಲೇ ಎಲ್ಲೋ ಇದೆ.

ಬಂದರು ಮಂಗಳೂರು

ತೆಂಗಿನ ಹಲ್ವಾ ತಂದಿರಾ? ದ್ವೀಪದ ತೆಂಗಿನ ಬೆಲ್ಲದ್ದು, ಒಣ ಎಲೆಯಲ್ಲಿ ಸುತ್ತಿ ಕೊಡುತ್ತಾರೆ. ಅಜ್ಜನ ಅಂಗಡಿಗೆ ಅಮಿನಿಯವರು ತರುತ್ತಿದ್ದರು. ಅದು ಎಷ್ಟು ದಿನ ಕೆಡದೆ ಇರುತ್ತದೆ?

ಸಂಪಿಗೆ ರಸ್ತೆ

ತಂದೆವು, ಕವರತ್ತಿಯಲ್ಲಿ ಸಿಕ್ಕಿತು. ಎಷ್ಟು ದಿನ ಇರುತ್ತದೋ ಗೊತ್ತಾಗಲಿಲ್ಲ ಸರ್. ಕೊಚ್ಚಿಯಿಂದ ಬೆಂಗಳೂರಿನ ರೈಲಿನಲ್ಲೇ ಮುಗಿಯಿತು.